ಲಾಕರಿನಲ್ಲಿದ್ದ ನಂಬರು

ಜೂನ್ 3, 2024, ಸೋಮವಾರ. ಬೆಳಗ್ಗೆ 8.20

ಇವರು ಹೊರಟರು. ಟಿಫಿನ್, ಐಡಿ ಕಾರ್ಡ್, ಫೋನ್. ಪಟ್ಟಂ ಸ್ಟಾಪಿನಿಂದ ಆಫೀಸ್ ಬಸ್. ಫೋನ್ ಒಳಗೆ ಒಯ್ಯುವಂತಿಲ್ಲ — ರಾಕೆಟ್ ಕೆಲಸವಲ್ಲವೇ. ಗೇಟಿನ ಲಾಕರಿನಲ್ಲಿಟ್ಟರೆ ಮತ್ತೆ ಕೈಗೆ ಸಂಜೆ ಐದೂವರೆಗೆ.

ಎರ್ನಾಕುಲಂ ಶಾಲೆಯಲ್ಲಿ ಲೈಬ್ರೇರಿಯನ್ ಕೆಲಸ ಸಿಕ್ಕಿದೆ ನನಗೆ. ಹದಿನೆಂಟು ವರ್ಷ ಮನೆಯಲ್ಲಿ ಕೂತ ಮೇಲೆ. ಮಗಳು ಮಹತಿ ಅಲ್ಲಿಯೇ ಇದ್ದಾಳೆ, "ಅಮ್ಮ ಬಾ, ರೂಮ್ ರೆಡಿ" ಅನ್ನುತ್ತಾಳೆ. ಶುಕ್ರವಾರ ಐದರೊಳಗೆ ಆನ್‌ಲೈನಿನಲ್ಲಿ ಆಧಾರ್ ವೆರಿಫೈ ಆಗಬೇಕು. ಸೈಟು ತೆರೆದಿರುವುದು ಹತ್ತರಿಂದ ಐದು. ಒಟಿಪಿ ಹೋಗುವುದು ಇವರ ಫೋನಿಗೆ. ಅಂದರೆ ಲಾಕರಿಗೆ.

"ಒಂದಿನ ಫೋನ್ ಮನೇಲಿಟ್ಟು ಹೋಗಿ" ಅಂದೆ.

"ಫೋನಿಲ್ದೆ ಹೇಗೆ ಹೋಗೋದು?"

ದಿನವಿಡೀ ಕಬ್ಬಿಣದ ಡಬ್ಬಿಯಲ್ಲಿರುವ ಫೋನು!

ಜೂನ್ 4. ರಾತ್ರಿ

ಒಂದು ಗಂಟೆಗೆ ಗೇಟಿಗೆ ಬಂದು ಮನೆಯ ಲ್ಯಾಂಡ್‌ಲೈನಿಗೆ ಒಟಿಪಿ ಓದಿ ಹೇಳುತ್ತೇನೆಂದಿದ್ದರು. ಮೂರು ಸಲ ಬಟನ್ ಒತ್ತಿದೆ. ಮೂರೂ ಹಾಳು. ಇವರು ಗೇಟಿಗೆ ಬರಲೇ ಇಲ್ಲ.

"ಮೀಟಿಂಗ್ ಇತ್ತು ಕಣೇ. ಈ ವಯಸ್ಸಲ್ಲಿ ಎರ್ನಾಕುಲಂಗೆ ಹೋಗಿ ಅದೇನು ಕಡಿದು ಕಟ್ಟೆ ಹಾಕ್ಬೇಕು?"

2002ರಲ್ಲಿ ಈ ಕ್ವಾರ್ಟರ್ಸಿಗೇ ಮೊದಲ ಮೊಬೈಲು ಇವರದು. ಬೆಲ್ಟಿಗೆ ಪೌಚ್ ಕಟ್ಟಿಕೊಂಡು ಮದುವೆಮನೆಗೆ ಹೋಗಿ, ಕಾಲ್ ಬರದಿದ್ದರೂ ಕಿವಿಗಿಟ್ಟು ಮಾತಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಗ್ಯಾಸು, ಬ್ಯಾಂಕು, ನನ್ನ ಆಧಾರು — ಎಲ್ಲಕ್ಕೂ ಅದೇ ನಂಬರು. "ಮನೆಗೆ ಒಂದು ನಂಬರ್ ಸಾಕು" ಅಂದರು. ನಾನೂ ತಲೆ ಆಡಿಸಿದೆ. ದಡ್ಡಿ.

ಜೂನ್ 6, ಗುರುವಾರ. ಮಧ್ಯಾಹ್ನ

ಆಧಾರ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದೆ. ಅಲ್ಲಿನ ಜುಬೈದಾ ಕಾಸರಗೋಡಿನವಳು; ಕನ್ನಡ ಆಡಿದರೂ ಅಕ್ಕ ಎನ್ನಲು 'ಚೇಚಿ'ಯೇ. "ಆಧಾರಿನಲ್ಲಿ ನಂಬರ್ ಬದಲಾಗ್ಲಿಕ್ಕೆ ವಾರ ಬೇಕು ಚೇಚಿ. ಆ ಸಿಮ್ ಯಾರ ಹೆಸರಲ್ಲುಂಟು?"

ಯಾರ ಹೆಸರಲ್ಲಿ... ಆಗ ನೆನಪಾಯಿತು.

2002ರಲ್ಲಿ ಆ ಸಿಮ್ ಕೊಳ್ಳುವಾಗ ಆಗಷ್ಟೇ ಮೈಸೂರಿನಿಂದ ವರ್ಗವಾಗಿ ಬಂದಿದ್ದೆವು. ಇವರ ಹತ್ತಿರ ಇಲ್ಲಿನ ವಿಳಾಸದ ಕಾಗದವಿರಲಿಲ್ಲ. ನನಗೆ ಆಗ ಇಲ್ಲಿಯ ಶಾಲೆಯ ಲೈಬ್ರರಿ ಕೆಲಸದ ಐಡಿ ಇತ್ತು. ಫಾರಂಗೆ ಅಂಟಿಸಿದ್ದು ನನ್ನ ಫೋಟೊ. ಸಹಿಯೂ ನನ್ನದೇ.

ಸಿಮ್ಮಿನ ಅಂಗಡಿಯಲ್ಲಿ ಬೆರಳು ಒತ್ತಿದೆ. ಸ್ಕ್ರೀನಿನಲ್ಲಿ ನನ್ನ ಹೆಸರು ಬಂತು — ವೇದವತಿ. ಹಳೆಯದನ್ನು ಬಂದ್ ಮಾಡಿ ಡೂಪ್ಲಿಕೇಟ್ ಸಿಮ್ ಕೊಟ್ಟರು; ಮಹತಿ ಬಿಟ್ಟುಹೋದ ಹಳೆಯ ಫೋನಿಗೆ ಹಾಕಿಕೊಂಡೆ. ಮೆಸೇಜು ಬರುವುದು ಮಾತ್ರ ಇಪ್ಪತ್ತನಾಲ್ಕು ಗಂಟೆಯ ಮೇಲೆ. ಲಾಕರಿನಲ್ಲಿ ಅವರ ಫೋನು ಈಗ ಸತ್ತಿರಬೇಕು. ಸಾಯಲಿ.

ಅದೇ ದಿನ, ಸಂಜೆ 7

"ಟವರ್ ಇಲ್ಲ" ಎಂದು ಬಾಲ್ಕನಿಗೂ ಹಾಲಿಗೂ ಓಡಾಡುತ್ತಿದ್ದಾರೆ. ನಾನು ಚಪಾತಿ ಲಟ್ಟಿಸಿದೆ. ಪಾಪ ಅನಿಸಲಿಲ್ಲ.

ಜೂನ್ 7, ಶುಕ್ರವಾರ. ಸಂಜೆ 5.45

3.40ಕ್ಕೆ ಒಟಿಪಿ ಬಂತು. ನನ್ನ ಕೈಯಲ್ಲಿ. ಆರು ಅಂಕಿ. ವೆರಿಫೈಡ್. ಕುರ್ಚಿಯಲ್ಲಿ ಕೂತು ಚೆನ್ನಾಗಿ ಅತ್ತೆ.

ಈಗಷ್ಟೇ ಗೊತ್ತಿಲ್ಲದ ನಂಬರಿನಿಂದ ಕಾಲ್. ಗೇಟಿನ ಸೆಕ್ಯೂರಿಟಿಯ ಫೋನಿನಿಂದ ಇವರು ತಮ್ಮ ನಂಬರಿಗೇ ಹಚ್ಚಿದ್ದಾರೆ.

"ಹಲೋ, ಯಾರ್ರೀ ನೀವು? ಇದು ನನ್ನ ನಂಬರ್."

"ಅಲ್ಲ ರೀ. ವೇದವತಿ ಮಾತಾಡ್ತಿರೋದು. ಇಪ್ಪತ್ತೆರಡು ವರ್ಷದಿಂದ ಇದು ನನ್ನ ಹೆಸರಲ್ಲೇ —"