ಇಪ್ಪತ್ತಾರು ಕಂತಿನ ಹೆಸರು

ಕೊಟ್ಟೂರು,
೪-೬-೨೦೨೫, ಬುಧವಾರ

ಪ್ರೀತಿಯ ತಮ್ಮ ಪಾಲಾಕ್ಷನಿಗೆ, ಅಕ್ಕ ಹೊನ್ನೂರಮ್ಮ ಮಾಡುವ ಆಶೀರ್ವಾದ.

ಆರಾಮ ಇದ್ದೀಯಲ್ಲ? ನಿನ್ನ ಹೊಟ್ಟೆಯುರಿ ಹೇಗಿದೆ? ಬರಿಹೊಟ್ಟೆಯಲ್ಲಿ ಚಹಾ ಕುಡಿಯಬೇಡವೆಂದು ಹೇಳಿ ಹೇಳಿ ನನ್ನ ಬಾಯಿ ನೋವಾಯಿತೇ ಹೊರತು ನೀನು ಬಿಟ್ಟ ಹಾಗೆ ಕಾಣೆ. ಬಟ್ಟೆ ಅಂಗಡಿಯಲ್ಲಿ ದಿನವೆಲ್ಲ ನಿಂತೇ ಇರುವ ಕೆಲಸ, ಕಾಲು ಬಾತುಕೊಂಡರೆ ಬಿಸಿನೀರಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಇಟ್ಟುಕೊಂಡು ಕೂತ್ಕೋ. ನಿನ್ನ ಹೆಂಡತಿ ದುರ್ಗಾಳ ಕೆಮ್ಮು ನಿಂತಿತೇ? ಪಾಪ, ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿ ನಾನೂ ನಿನ್ನ ಭಾವನವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಈ ಸಲ ಹಾಗೆ ಬರೆಯಲು ಮನಸ್ಸಾಗುತ್ತಿಲ್ಲ.

ದಾವಣಗೆರೆಯೇನು ದೂರವೇ, ಈ ಕಾಲದಲ್ಲಿ ಅಕ್ಕ ಯಾಕೆ ಪತ್ರ ಬರೆದಳು ಎಂದು ನಗಬೇಡ. ಹದಿನೈದು ದಿನದಲ್ಲಿ ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತಿದರೂ ‘ಗಿರಾಕಿ ಅದಾರಕ್ಕ, ಆಮ್ಯಾಲ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀ. ಪತ್ರವನ್ನು ಹರಿದು ಬಿಸಾಡಬೇಕಾದರೂ ಒಮ್ಮೆ ಕೈಯಲ್ಲಿ ಹಿಡಿಯಬೇಕಲ್ಲ, ನನಗೆ ಅಷ್ಟು ಸಾಕು.

ನನ್ನ ಬಲಗೈ ಮಣಿಕಟ್ಟು ಹೋಯಿತು, ತಮ್ಮಾ. ಹದಿನಾಲ್ಕು ವರ್ಷ ಜೋಳದ ರೊಟ್ಟಿ ಬಡಿದು ಮಾರಿದ ಕೈ. ದಿನಕ್ಕೆ ಇನ್ನೂರು ಖಡಕ್ ರೊಟ್ಟಿ, ಮದುವೆ ಮುಂಜಿ ಇದ್ದರೆ ನಾನೂರು. ಈಗ ಬೆಳಿಗ್ಗೆ ಎದ್ದರೆ ನೀರಿನ ತಂಬಿಗೆ ಎತ್ತಲು ಬರುವುದಿಲ್ಲ. ಕೂಡ್ಲಿಗಿಯ ಡಾಕ್ಟರು ‘ಇನ್ನ ಬಡಿಯೋದು ಬಿಡ್ರಿ, ಇಲ್ಲಾಂದ್ರ ಮುಂದ ಜಡಿ ಹೆಣಕೊಳ್ಳಾಕೂ ಈ ಕೈ ಬರಂಗಿಲ್ಲ’ ಎಂದರು. ಅದೇ ವಾರ ಹಗರಿಬೊಮ್ಮನಹಳ್ಳಿಯ ಖಾನಾವಳಿಯ ಗಾದೆಪ್ಪ ಮನೆಗೆ ಬಂದು, ಜೂನ್ ಒಂದರಿಂದ ದಿನಾ ಐನೂರು ರೊಟ್ಟಿ ಕೊಡುತ್ತೀರಾ ಎಂದು ಕೇಳಿದ. ಹಣೆಬರಹ ನೋಡು, ಬೇಡುವಾಗ ಬರಲಿಲ್ಲ, ಕೈ ಬಿದ್ದಾಗ ಬಂತು. ರೊಟ್ಟಿ ಮಷಿನ್ ಒಂದಿದ್ದರೆ ಕೈಯೂ ಉಳಿಯುತ್ತಿತ್ತು, ಗಾದೆಪ್ಪನೂ ಉಳಿಯುತ್ತಿದ್ದ. ಹೊಸಪೇಟೆಯ ಅಂಗಡಿಯಲ್ಲಿ ಅದಕ್ಕೆ ನಲವತ್ತೆಂಟು ಸಾವಿರ. ಕ್ರೆಡಿಟ್ ಕಾರ್ಡ್ ಇದ್ದವರಿಗೆ ಬಡ್ಡಿಯಿಲ್ಲದೆ ಹನ್ನೆರಡು ಕಂತು, ಇಲ್ಲದವರಿಗೆ ಪೂರ್ತಿ ನಗದು. ಹಾಗಾಗಿ ಕಾರ್ಡಿಗೆ ಅರ್ಜಿ ಹಾಕಲು ಬ್ಯಾಂಕಿಗೆ ಹೋದೆ.

ಎದೆ ಉಬ್ಬಿಸಿಕೊಂಡೇ ಹೋದೆ, ಸುಳ್ಳೇಕೆ ಹೇಳಲಿ. ನನ್ನ ಹತ್ತಿರ ನಿನ್ನ ಬೈಕಿನ ಸಾಲದ ರಸೀದಿಗಳಿದ್ದವಲ್ಲ! ‘ಅಕ್ಕಾ, ಕೆಲಸ ಹೋಗೈತಿ, ಎರಡ ತಿಂಗಳು ನೀ ಕಟ್ಟು’ ಎಂದಿದ್ದೆ ನೀನು. ಆ ಎರಡು ತಿಂಗಳು ಇಪ್ಪತ್ತಾರು ತಿಂಗಳಾಯಿತು. ನಿನಗೆ ಬಟ್ಟೆ ಅಂಗಡಿಯ ಕೆಲಸ ಸಿಕ್ಕಿತು, ಮದುವೆಯೂ ಆಯಿತು, ಕಂತು ಮಾತ್ರ ನನ್ನ ಹತ್ತಿರವೇ ಉಳಿಯಿತು. ಪ್ರತಿ ಹತ್ತನೇ ತಾರೀಖು ಮೂರು ಸಾವಿರ, ನನ್ನ ಖಾತೆಯಿಂದ, ನನ್ನ ಫೋನಿನಿಂದ, ಒಂದು ದಿನ ತಡವಿಲ್ಲ. ಕಟ್ಟಿದವಳು ನಾನು, ಆದ್ದರಿಂದ ಒಳ್ಳೆಯ ಹೆಸರೂ ನನಗೇ ಬಂದಿರುತ್ತದೆ ಎಂದು ನಂಬಿದ್ದೆ. ನಮ್ಮ ಕಡೆ ಹಾಗೇ ಅಲ್ಲವೇನೋ? ಶೇಖಾವಲಿಯ ಗಿರಣಿಯಲ್ಲಿ ಪಕ್ಕದ ಮನೆ ಕೆಂಚಕ್ಕನ ಬಾಕಿಯನ್ನು ನಾನು ತೀರಿಸಿದೆ ಅಂದುಕೋ, ಶೇಖಾವಲಿ ನೆನಪಿಡುವುದು ನನ್ನನ್ನು. ಆಮೇಲೆ ನಾನು ಚೀಲ ಜೋಳ ಕೇಳಿದರೂ ‘ನಿಮ್ಮ ಮಾತ ಸಾಕ್ರಿ ಅಕ್ಕಾ, ಒಯ್ರಿ’ ಎನ್ನುತ್ತಾನೆ.

ಬ್ಯಾಂಕಿನಲ್ಲಿ ಶ್ರೀನಾಥ ಎಂಬ ಹುಡುಗ ಇದ್ದ, ಬಹಳ ಮರ್ಯಾದೆಯವನು. ಕಂಪ್ಯೂಟರ್ ನೋಡಿ, ‘ನಿಮ್ಮ ಹೆಸರಿನ್ಯಾಗ ಏನೂ ಇಲ್ರಿ ಅಮ್ಮ. ಕೆಟ್ಟದ್ದೂ ಇಲ್ಲ, ಒಳ್ಳೇದೂ ಇಲ್ಲ. ಒಂದು ಸಾಲಾನೂ ತಗೊಂಡಿಲ್ಲಲ್ರಿ’ ಎಂದ. ನಾನು ಫೋನ್ ತೆಗೆದು ಇಪ್ಪತ್ತಾರು ರಸೀದಿಯನ್ನೂ ಒಂದೊಂದಾಗಿ ತೋರಿಸಿದೆ. ಹಿಂದೆ ನಿಂತವರು ಗೊಣಗಿದರು. ಗೊಣಗಲಿ ಎಂದು ಒಂದನ್ನೂ ಬಿಡದೆ ತೋರಿಸಿದೆ. ಅವನು ಎಲ್ಲವನ್ನೂ ನೋಡಿ, ‘ರೊಕ್ಕ ನಿಮ್ಮದ ಇರಬಹುದ್ರಿ, ಸಾಲ ಪಾಲಾಕ್ಷ ಅನ್ನೋರದು. ಸರಿಯಾಗಿ ಕಟ್ಟ್ಯಾರ ಅನ್ನೋ ಹೆಸರು ಅವರಿಗೇ ಹೋಗತೈತಿ’ ಎಂದ. ಲೇ, ಆ ಹೊತ್ತಿಗೆ ನನಗೆ ನಿನ್ನ ಮೇಲೆ ಸಿಟ್ಟು ಬರಲಿಲ್ಲ, ನಂಬು. ನನ್ನ ದಡ್ಡತನಕ್ಕೆ ನಾಚಿಕೆಯಾಯಿತು ಅಷ್ಟೆ. ಹೋಗಲಿ, ನನ್ನ ತಮ್ಮನಿಗಾದರೂ ಹೆಸರು ಬಂತಲ್ಲ ಎಂದುಕೊಂಡು ಎದ್ದು ಬಂದೆ.

ಸಿಟ್ಟು ಬಂದದ್ದು ಮಾರನೆಯ ದಿನ. ನಿನಗೆ ಕಾರ್ಡ್ ಬಂದದ್ದು ನನಗೆ ಗೊತ್ತಿತ್ತು. ನಂಬರಿನ ಮೇಲೆ ಹೆಬ್ಬೆರಳು ಇಟ್ಟು ತೆಗೆದ ಫೋಟೋವನ್ನು ನೀನೇ ಸ್ಟೇಟಸ್‌ಗೆ ಹಾಕಿದ್ದೆಯಲ್ಲ. ಆ ಕಾರ್ಡಿನಲ್ಲಿ ಮಷಿನ್ ಕೊಡಿಸು, ಹನ್ನೆರಡು ಕಂತನ್ನೂ ನಾನೇ ಕಟ್ಟುತ್ತೇನೆ ಎಂದು ಕೇಳಲು ಫೋನ್ ಮಾಡಿದರೆ ದುರ್ಗಾ ಎತ್ತಿದಳು. ಪಾಪ, ಎಷ್ಟು ಹೆಮ್ಮೆ ಅವಳಿಗೆ! ‘ಇವರು ಹೊಟ್ಟಿ ಕಟ್ಟಿ ಬೈಕಿನ ಕಂತು ಕಟ್ಟ್ಯಾರ್ರಿ ಅಕ್ಕಾರ, ಒಂದೂ ತಪ್ಪಿಸಿಲ್ಲ. ಅದಕ್ಕ ಬ್ಯಾಂಕಿನವರ ತಾವಾಗೇ ಕರದು ಕಾರ್ಡ್ ಕೊಟ್ರು’ ಎಂದಳು. ಆಮೇಲೆ ನನ್ನ ಕೇಳಿಕೆಯನ್ನು ಹೇಳಿದೆ, ಅವಳು ನಿನಗೆ ಹೇಳಿದಳು. ಫೋನಿನಲ್ಲಿ ನಿನ್ನ ಧ್ವನಿ ಸ್ಪಷ್ಟವಾಗಿ ಕೇಳಿಸಿತು: ‘ಬ್ಯಾಡ ಅನ್ನು. ಅಕ್ಕ ನಡುವ ಕಂತು ತಪ್ಪಿಸಿದ್ರ ನನ್ನ ಹೆಸರು ಕೆಡತೈತಿ.’

ಯಾರದೋ ರೊಕ್ಕ, ಎಲ್ಲಮ್ಮನ ಜಾತ್ರಿ ಎಂದು ಅವ್ವ ಸುಮ್ಮನೆ ಹೇಳುತ್ತಿರಲಿಲ್ಲ. ನಿನಗೆ ಹೆಸರು ತಂದುಕೊಟ್ಟವಳಿಂದಲೇ ಆ ಹೆಸರು ಕೆಡುತ್ತದೆಯೇನೋ? ನಿನ್ನ ಹೆಂಡತಿಗೆ ನಿಜ ಹೇಳಲು ನಾಲಿಗೆ ತುದಿಯವರೆಗೆ ಬಂದಿತ್ತು. ‘ಆಗಲವ್ವಾ, ಇರಲಿ ಬಿಡು’ ಎಂದು ಇಟ್ಟೆ. ಅಡುಗೆಮನೆಯಲ್ಲಿ ಕೂತು ಅತ್ತೆ. ಕೈ ನೋವಿಗೆ ಅಳುತ್ತಿದ್ದೇನೆಂದು ತಿಳಿದು ನಿನ್ನ ಭಾವ ಎಣ್ಣೆ ಬಿಸಿ ಮಾಡಿ ತಂದರು.

ಗಾದೆಪ್ಪ ತಿಂಗಳ ಕೊನೆಯವರೆಗೆ ಕಾದು, ಹಡಗಲಿಯವರಿಗೆ ಆ ರೊಟ್ಟಿ ಕೊಡುವ ಕೆಲಸ ಒಪ್ಪಿಸಿದ. ಅವನದೇನು ತಪ್ಪು? ನಿನ್ನೆ ಮತ್ತೆ ಬ್ಯಾಂಕಿಗೆ ಹೋದೆ. ಹದಿನೈದು ಸಾವಿರ ಠೇವಣಿ ಇಟ್ಟರೆ ಅದರ ಮೇಲೆ ಒಂದು ಸಣ್ಣ ಕಾರ್ಡ್ ಕೊಡುತ್ತಾರೆ, ಹನ್ನೆರಡು ಸಾವಿರದ್ದು. ಅದರಲ್ಲಿ ಜೋಳ, ಗ್ಯಾಸ್ ತಂದು ತಿಂಗಳಿಗೆ ಸರಿಯಾಗಿ ಕಟ್ಟುತ್ತ ಹೋದರೆ, ವರ್ಷದ ಮೇಲೆ ಮಷಿನಿನ ಮಾತು. ‘ನಿಮಗೂ ಹೆಸರು ಬರತೈತ್ರಿ ಅಮ್ಮ’ ಎಂದು ಶ್ರೀನಾಥ ಸಮಾಧಾನ ಹೇಳಿದ. ನಲವತ್ತೊಂದು ವರ್ಷದವಳಿಗೆ ಇನ್ನು ಮುಂದೆ ಹೆಸರು ಬರುತ್ತದಂತೆ! ಠೇವಣಿ ಇಟ್ಟು ಬಂದೆ. ಅಲ್ಲಿಯವರೆಗೆ ಎಡಗೈಯಲ್ಲಿ ಬಡಿಯುವುದನ್ನು ಕಲಿಯುತ್ತಿದ್ದೇನೆ. ರೊಟ್ಟಿ ಒಂದು ಕಡೆ ದಪ್ಪ ಬೀಳುತ್ತದೆ, ಮಾರಲು ಬರುವುದಿಲ್ಲ, ನಾವಿಬ್ಬರೇ ತಿನ್ನುತ್ತೇವೆ.

ಬೈಕನ್ನು ಜೋರಾಗಿ ಓಡಿಸಬೇಡ, ಹೆಲ್ಮೆಟ್ ಹಾಕಿಕೋ. ಸಂಜೆ ದೀಪ ಹಚ್ಚುವಾಗ ನಿನ್ನ ಹೆಸರು ಹೇಳುವುದನ್ನು ನಾನು ಇನ್ನೂ ಬಿಟ್ಟಿಲ್ಲ. ಎಷ್ಟೆಂದರೂ ಎತ್ತಿ ಆಡಿಸಿದ ಕೂಸು ನೀನು. ದುರ್ಗಾಳಿಗೆ ನನ್ನ ಆಶೀರ್ವಾದ ತಿಳಿಸು. ಇಬ್ಬರೂ ನೂರು ಕಾಲ ಬಾಳಿರಿ.

ನಿನ್ನ ಅಕ್ಕ,
ಹೊನ್ನೂರಮ್ಮ

ತಾ.ಕ.: ನಿನ್ನ ಭಾವ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಠೇವಣಿ ಇಟ್ಟ ಹದಿನೈದು ಸಾವಿರ, ನಿನ್ನ ಮುಂದಿನ ಐದು ಕಂತಿಗೆಂದು ನಾನು ಡಬ್ಬಿಯಲ್ಲಿ ತೆಗೆದಿಟ್ಟಿದ್ದ ಹಣ. ಇನ್ನು ಹತ್ತು ಕಂತು ಉಳಿದಿವೆ, ನೀನೇ ಕಟ್ಟಿಕೋ. ಸ್ಪೀಡ್ ಪೋಸ್ಟ್ ಎರಡು ದಿನಕ್ಕೆ ಮುಟ್ಟುತ್ತದಂತೆ, ಹತ್ತನೇ ತಾರೀಖಿಗೆ ಆಗಲೂ ನಾಲ್ಕು ದಿನ ಇರುತ್ತದೆ. ಕಂತು ತಪ್ಪಿದರೆ ಕೆಟ್ಟ ಹೆಸರು ಇಷ್ಟು ದಿನ ಕಟ್ಟಿದವಳಿಗೆ ಬರುತ್ತದೋ, ಸಾಲ ತೆಗೆದವನಿಗೋ ಎಂದು ಶ್ರೀನಾಥನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ‘ನಿಮಗೇನೂ ಸಂಬಂಧ ಇಲ್ರಿ ಅಮ್ಮ, ಎಲ್ಲಾ ಅವರ ಹೆಸರಿಗೇ’ ಎಂದ.