ಅಜ್ಜಿಗೆ ಕೇಳಿಸದ ರೇಡಿಯೊ

೩-೨-೧೯೫೭, ಹಾರನಹಳ್ಳಿ. ಸಂಜೆ

ದೀಪ ಹಚ್ಚಿದ್ದಾಯಿತು. ಮುದ್ದೆಗೆ ಎಸರಿಟ್ಟಿದ್ದೇನೆ. ಮಕ್ಕಳಿಬ್ಬರೂ ಎಂದಿನಂತೆ ರೇಡಿಯೊ ಮುಂದೆ. ಹೊಗೆಸೊಪ್ಪು ಚೆನ್ನಾಗಿ ಹೋಯಿತೆಂದು ನಮ್ಮವರು ಮೈಸೂರಿನಿಂದ ಬ್ಯಾಟರಿ ಸೆಟ್ಟು ತಂದರು—ಅಂದಿನಿಂದ ಮನೆಯಲ್ಲಿ ಅದರದೇ ದರ್ಬಾರು. ಚೆನ್ನಬಸವನಿಗೆ ಪುಸ್ತಕ ಬೇಡ, ರುದ್ರಾಣಿಗೆ ಊಟ ಬೇಡ. ಅತ್ತೆಗೆ ಕಿವಿ ಮಂದ, ರೇಡಿಯೊ ಕೇಳಿಸದು. ಮೊದಲೆಲ್ಲ ಸಂಜೆಯಾದರೆ ಮೊಮ್ಮಕ್ಕಳು ಅವರ ತೊಡೆಯ ಮೇಲೆ. ಈಗ ಜಗಲಿಯಲ್ಲಿ ಒಬ್ಬರೇ. ಇದಕ್ಕೊಂದು ಗತಿ ಕಾಣಿಸದಿದ್ದರೆ ನಾನು ಮಂಗಳಗೌರಿಯೇ ಅಲ್ಲ.

೫-೨

ಬ್ಯಾಟರಿ ಕಿತ್ತು ರಾಗಿ ತುಂಬಿದ ಮಣ್ಣಿನ ವಾಡೆಯಲ್ಲಿ ಹೂತಿಟ್ಟೆ. ಭಾರಿ ಜಾಣೆ ಎಂದುಕೊಂಡೆ! ಇಬ್ಬರೂ ಗುರುಸ್ವಾಮಿ ಅಂಗಡಿಯ ರೇಡಿಯೊ ಮುಂದೆ ಕೂತಿದ್ದು, ಕತ್ತಲಾದ ಮೇಲೆ ಬಂದರು. ನಮ್ಮವರಿಗೆ ನಗು.

"ನೀನು ಚಾಪೆ ಕೆಳಗೆ ತೂರುದ್ರೆ ಅವು ರಂಗೋಲಿ ಕೆಳಗೆ ತೂರ್ತವೆ ಕಣೆ. ಬುಡು, ಕೊಟ್ಬುಡು."

ಕೊಟ್ಟೆ. ಸಿಟ್ಟಿನಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು.

೬-೨

ಹೊಸ ಕಾನೂನು. ದಿನಕ್ಕೆ ಒಂದೇ ಕಾರ್ಯಕ್ರಮ. ಕೇಳಿದ್ದನ್ನೆಲ್ಲ ಆಮೇಲೆ ಅಜ್ಜಿಗೆ ಹೇಳಬೇಕು. ಇಲ್ಲದಿದ್ದರೆ ನಾಳೆ ರೇಡಿಯೊ ಇಲ್ಲ.

ಚೆನ್ನಬಸವ ಒಂದೇ ಉಸಿರಿಗೆ ಒದರಿದ—"ರಾಜ ಕಾಡಿಗೋದ, ಉಲಿ ಬಂತು, ಕೊಂದ, ಮುಗೀತು."

ಅತ್ತೆ ಬಿಡುವವರೇ?

"ಯಾವ ಕಾಡ್ಲಾ? ಕಾಕನಕೋಟೆನಾ? ಬುತ್ತಿ ಏನ್ ಕಟ್ಕೊಂಡೋಗಿದ್ದ?"

"ಅದ ಏಳ್ನಿಲ್ಲ ಕಣಜ್ಜಿ..."

"ಮತ್ತೆ ಅದೇನ್ ಕೇಳ್ದೆ ನೀನು?"

ಹುಡುಗನ ಮುಖ ನೋಡಬೇಕಿತ್ತು. ಕೊನೆಗೆ ರುದ್ರಾಣಿಯೇ ಕೂಗಿದಳು—"ರೊಟ್ಟಿ, ಉಚ್ಚೆಳ್ ಚಟ್ನಿ!"

೨೪-೨

ಬರೆಯಲು ಪುರಸೊತ್ತಿಲ್ಲ. ಜಗಲಿಯಲ್ಲಿ ದಿನಾ ನಗು, ಜಗಳ. ರಾಜನಿಗೆ ಈಗ ಇಬ್ಬರು ಹೆಂಡಿರು, ಒಂದು ಕುಂಟು ಕುದುರೆ. ಯಾವುದೂ ರೇಡಿಯೊದಲ್ಲಿ ಬಂದದ್ದಲ್ಲ. ಮಗ್ಗಿ, ಪಾಠವೂ ನಡೆದಿದೆ.

೨-೩, ಸಂಜೆ

ಬ್ಯಾಟರಿ ಸತ್ತಿದೆ. ಎಲ್ಲರೂ ಮಾಡುವಂತೆ ಹಪ್ಪಳದ ಜೊತೆ ಬಿಸಿಲಿಗಿಟ್ಟೆವು, ಜೀವ ಬರಲಿಲ್ಲ. ಹೊಸದು ಬೇಕೆಂದರೆ ಮೈಸೂರಿಗೇ ಹೋಗಬೇಕು. ಇವತ್ತು ಮನೆ ರಣರಂಗವೇ ಎಂದು ಸೆರಗು ಸಿಕ್ಕಿಸಿ ನಿಂತಿದ್ದೆ. ಜಗಳವೇ ಇಲ್ಲ! ಹೊರಗೆ ಹೋಗಿ ನೋಡಿದರೆ ಚೆನ್ನಬಸವ ಮೊರದ ಹಿಂದೆ ಮುಖ ಮರೆಸಿಕೊಂಡು, ಅಜ್ಜಿಯ ಕಿವಿಯ ಹತ್ತಿರ ಕೂಗುತ್ತಿದ್ದಾನೆ—"ಇದು ಹಾರನಹಳ್ಳಿ ಕೇಂದ್ರ..."

ಅತ್ತೆ ನನ್ನತ್ತ ತಿರುಗಿದರು. "ಈ ರೇಡಿಯಾ ನಂಗೆ ಚೆಂದಾಗಿ ಕೇಳಿಸ್ತದೆ ಕಣವ್ವ!"

ಗೆದ್ದೆ. ಗೆದ್ದೇಬಿಟ್ಟೆ! ಒಳಗೆ ಬಂದು ಒಬ್ಬಳೇ ನಕ್ಕೆ, ಕಣ್ಣೂ ಒರೆಸಿಕೊಂಡೆ.

ಈಗ ನನ್ನನ್ನೂ ಕರೆಯುತ್ತಿದ್ದಾರೆ. ಕಿರಿರಾಣಿ ನಾನಂತೆ. ಮುದ್ದೆ ಕಾಯಲಿ. ರಾಣಿ ಹೇಗೆ ಸಿಡುಕಬೇಕೆಂದು ಅತ್ತೆ ಆಗಲೇ ಹೇಳಿಕೊಡುತ್ತಿದ್ದಾರೆ—