ಅಲಮೇಲು ಬರೆದ ನಾಲ್ಕು ವಾದ್ಯಗಳ ಸಂಗೀತ

ಕ್ರಿ.ಶ. ೨೪೧೭, ಹದಿಮೂರನೆಯ ತಿಂಗಳ ಆರನೇ ದಿನ
ಕೋಲಾರದ ಗಣಿಯೂರು, ನೆಲದಿಂದ ಎಂಟುನೂರು ಅಡಿ ಕೆಳಗೆ

ನಾನೂರು ವರ್ಷ ಹಿಂದಿರುವ ಸಂಗೀತದ ಮೇಷ್ಟರೇ,

ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಹೆಸರು ಬಯ್ಯಮ್ಮ, ವಯಸ್ಸು ಎಪ್ಪತ್ತೊಂದು. ಈ ಕಾಗದ ಬರೆಯುತ್ತಿರುವುದು ನಿನ್ನೆ ಆದದ್ದಕ್ಕೆ.

ಮೇಲಿನ ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಹಳೆಯ ಚಿನ್ನದ ಗಣಿಗಿಳಿದರು. ಇಲ್ಲಿ ಬಂಡೆ ಕೊರೆದು ಮಾಡಿದ, ಹನ್ನೆರಡು ಜನ ಹಿಡಿಸುವ ಕೋಣೆಗೆ ಕಿವಿಮನೆ ಎನ್ನುತ್ತೇವೆ. ನಾಲ್ಕೇ ವಾದ್ಯ, ಹತ್ತಿರ ಕೂತು ಕೇಳುವುದು. ಹೊಸಬರ ರಚನೆ ಮುಗಿದ ಮೇಲೆ ಎಲ್ಲರಿಗೂ ರಾಗಿ ಗಂಜಿ ಕೊಡುತ್ತಾರೆ. ಅದು ಆರುವುದರೊಳಗೆ ಹಿರಿಯಳಾದವಳು ಒಂದು ಮೆಚ್ಚುಗೆ, ಒಂದು ಸಲಹೆ ಹೇಳಬೇಕು. ಮೂವತ್ತು ವರ್ಷದಿಂದ ಆ ಹಿರಿಯಳು ನಾನೇ. ಗೋಡೆಯಲ್ಲಿ ನಯಗಾರ ಎಂಬ ಯಂತ್ರವಿದೆ, ವಾದ್ಯಗಳ ಸದ್ದು ಅದರ ಮೂಲಕವೇ ಕೇಳುವವರ ಕಿವಿಗೆ ಬರುತ್ತದೆ. ಬಂಡೆಯ ಮಾರ್ದನಿ ಅಡಗಿಸುವುದಷ್ಟೇ ಅದರ ಕೆಲಸ ಎಂದು ನಂಬಿದ್ದೆ.

ನಿನ್ನೆ ಹತ್ತೊಂಬತ್ತು ವರ್ಷದ ಅಲಮೇಲುವಿನ ರಚನೆ. ಎರಡು ಪಿಟೀಲು, ಒಂದು ವೀಣೆ, ಒಂದು ಕೊಳಲು. ಶುರು ಚೆನ್ನಾಗಿದೆ, ಆದರೆ ನಡುವೆ ಕೊಳಲು ಪಿಟೀಲಿನ ಬಾಲ ಹಿಡಿದು ಹೋಗುತ್ತದೆ, ಅದಕ್ಕೂ ಸ್ವಂತ ದಾರಿ ಕೊಡಮ್ಮ ಎಂದೆ. ಹುಡುಗಿ ತಾನು ಬರೆದ ಹಾಳೆಯನ್ನು ನನ್ನ ಮಡಿಲಿಗೆ ಎಸೆದಳು.

"ನೋಡಿ ಅಜ್ಜೀ, ನಾನು ಕೊಳಲನ್ನ ಜಗಳಕ್ಕೇ ಬಿಟ್ಟಿದೀನಿ. ನೀವು ತಪ್ಪು ಅಂತಿರೋದು ನಾನು ಬರೆದೇ ಇಲ್ಲ. ಇನ್ನು ಬರೆಯೋದೂ ಇಲ್ಲ, ಬಿಡಿ."

ಹಾಳೆ ಎತ್ತಿಕೊಂಡು ನೋಡಿದೆ. ಅಲ್ಲಿ ಕೊಳಲು ಎಲ್ಲರ ಮೇಲೂ ಎಗರಿ ಬಿದ್ದಿತ್ತು. ನಯಗಾರ ಅದನ್ನು ಸದ್ದಿಲ್ಲದೆ ಸಪಾಟು ಮಾಡಿ ನನ್ನ ಕಿವಿಗೆ ಹಾಕಿತ್ತು. ಹಾಗಾದರೆ ಮೂವತ್ತು ವರ್ಷ ನಾನು ಬುದ್ಧಿ ಹೇಳಿದ್ದು ಯಾರಿಗೆ? ಎಷ್ಟು ಮಕ್ಕಳು ತಾವು ಮಾಡದ ತಪ್ಪಿಗೆ ತಲೆತಗ್ಗಿಸಿ ಎದ್ದುಹೋದರು? ಥೂ, ನನ್ನ ಹಿರಿತನಕ್ಕಿಷ್ಟು!

ಯಂತ್ರದ ತಂತಿಯನ್ನು ನಾನೇ ಕಿತ್ತೆ. ಅಲಮೇಲುವಿನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ನಾಳೆ ಮತ್ತೆ ನುಡಿಸಲು ಒಪ್ಪಿದ್ದಾಳೆ, ಇದೊಂದೇ ಸಲವಂತೆ. ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಜಗಳ ಸೊಗಸಾಗಿದೆ. ಆದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಹದಿನಾರು ಸಾಲು ಸುಮ್ಮನೆ ಎಳೆದಿದ್ದಾಳೆ. ಆ ತಪ್ಪು ಅವಳದೇ. ಇಷ್ಟು ವರ್ಷದಲ್ಲಿ ನಾನು ಕಂಡ ಮೊದಲ ನಿಜವಾದ ತಪ್ಪು.

ನಿಮ್ಮಲ್ಲಿ ನಯಗಾರ ಇರಲಿಲ್ಲವೆಂದು ಓದಿದ್ದೇನೆ. ಮಕ್ಕಳ ತಪ್ಪುಗಳು ನಿಮಗೆ ದಿನವೂ ನೇರವಾಗಿ ಕೇಳುತ್ತವೆ. ಅವರು ಬರೆಯುವುದನ್ನು ನಿಲ್ಲಿಸದ ಹಾಗೆ ಅದನ್ನು ಹೇಗೆ ಹೇಳುತ್ತೀರಿ? ದಯವಿಟ್ಟು ಎಲ್ಲಾದರೂ ಕಾಗದದ ಮೇಲೆ ಬರೆದಿಡಿ, ಹುಡುಕಿಕೊಳ್ಳುತ್ತೇನೆ. ನನಗೆ ನಾಳೆಯೊಳಗೆ ಬೇಕು.

ಬಯ್ಯಮ್ಮ